ನೆಲ್ಲಿ ಕೊಂಬೆ ಹಾಕಿದ ಬಾವಿ

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಬಾವಿಯ ನೀರು ಕೆಂಪಾಯಿತು. ಇಂದಿಗೂ ಮತ್ತಿಕೆರೆಯ ನನ್ನ ಮನೆಯ ನಲ್ಲಿಯಲ್ಲಿ ಮಣ್ಣಿನ ವಾಸನೆಯ ನೀರು ಬಂದರೆ ಕೈ ತಾನಾಗಿ ಕೊಡ ಬಿಡುತ್ತದೆ, ಕಣ್ಣು ಗಡಿಯಾರ ಹುಡುಕುತ್ತದೆ. ನೀವೂ ಮನೆ ಕಳೆದುಕೊಂಡವರಾದರೆ ನಿಮಗೂ ಇಂಥದೊಂದು ವಾಸನೆ ಇದ್ದೀತು.

ಆಗ ನನಗೆ ಹತ್ತು ವರ್ಷ. ಅಜ್ಜ ಅಜ್ಜಿಯ ಜೊತೆ ಕಾರವಾರದ ಕಡೆಯ ಒಂದು ಕೊಲ್ಲಿಯ ದಡದಲ್ಲಿ, ಗುಡ್ಡಕ್ಕೆ ಆತುಕೊಂಡಿದ್ದ ಮನೆಯಲ್ಲಿದ್ದೆ. ಇಬ್ಬರೂ ಈಗಿಲ್ಲ. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾಗಿದ್ದ ಅಜ್ಜ, ಜಗಲಿಯ ಮೇಲೆ ಅಕ್ಕಿಹಿಟ್ಟು ಚೆಲ್ಲಿ ಕೊಲ್ಲಿಯನ್ನು ಬರೆದು ತೋರಿಸುತ್ತಿದ್ದರು. ಹಿಟ್ಟು ಹಾಳಾಯಿತೆಂದು ಅಜ್ಜಿ ಗೊಣಗುತ್ತಿದ್ದರು. ಮುಂದೆ ಅಲೆ ಮುರಿಯುವ ದ್ವೀಪಗಳು, ದಡದ ಹತ್ತಿರವೇ ಆಳ, ಹಿಂದೆ ಮರೆಗೆ ಗುಡ್ಡಗಳು. ಯುದ್ಧದ ಹಡಗುಗಳಿಗೆ ಇಂಥ ತಾವು ಅಪರೂಪ, ಅದಕ್ಕೇ ನೌಕಾನೆಲೆ ಬರುತ್ತಿದೆ ಎನ್ನುತ್ತಿದ್ದರು. ಗುಡ್ಡದ ಮೇಲೆ ತೂತುತೂತಾದ ಕೆಂಪು ಚಿರೇಕಲ್ಲು, ತಳದಲ್ಲಿ ಕಗ್ಗಲ್ಲು, ನಡುವೆ ನೀರು ಕುಡಿದರೆ ಜಾರುವ ಜೇಡಿಮಣ್ಣು ಎಂಬುದೂ ನನಗೆ ಬಾಯಿಪಾಠವಾಗಿತ್ತು. ಹೊಸ ರಸ್ತೆಗಾಗಿ ಆ ಗುಡ್ಡದ ಬುಡ ಕಡಿದಿದ್ದರು. ಮನೆ ಬಿಡುವ ನೋಟೀಸು ನಮಗೂ ಬಂದಿತ್ತು. ಮಳೆಗಾಲ ಕಳೆಯಲಿ ಎಂದು ಕೂತಿದ್ದೆವು.

“ಮಳೆಗೆ ಬಾವಿ ಕಲಕಿದೆ ಮಾರಾಯ್ರೆ, ಒಂದು ನೆಲ್ಲಿ ಕೊಂಬೆ ಕಡಿದು ಕೊಡಿ” ಎಂದರು ಅಜ್ಜಿ. ನೀರು ತಿಳಿಯಾಗಲು ಬಾವಿಗೆ ನೆಲ್ಲಿ ಕೊಂಬೆ ಹಾಕುವುದು ನಮ್ಮಲ್ಲಿ ವಾಡಿಕೆ. ಇಡೀ ಕೊಲ್ಲಿಯನ್ನು ಓದಬಲ್ಲ ಅಜ್ಜ ಕತ್ತಿ ಹಿಡಿದು ಹೋಗಿ ಕಡಿದು ತಂದರು. ಗುಡ್ಡ ಒಳಗಿಂದ ಕರಗುತ್ತಿದೆ ಎಂದು ನೀರಿನ ಆ ಕೆಂಪು ಬಣ್ಣವೇ ಹೇಳುತ್ತಿತ್ತು, ಅಜ್ಜನಿಗೆ ಅದು ಹೊಳೆಯಲಿಲ್ಲ. ಅಜ್ಜಿ ಬಾವಿಕಟ್ಟೆಯ ಮೇಲೆ ಬಾಗಿದ್ದಾಗ, ಮರಗಳು ನಿಂತ ನಿಲುವಿನಲ್ಲೇ ನಮ್ಮತ್ತ ನಡೆದುಬಂದವು. ಅಜ್ಜ ನನ್ನನ್ನು ಎತ್ತಿ ರಸ್ತೆಯತ್ತ ಓಡಿದರು. ಜಾರಿದ ಗುಡ್ಡದಡಿ ಮನೆ ಹೋಯಿತು. ಎದೆಯವರೆಗೆ ಹೂತಿದ್ದ ಅಜ್ಜಿಯನ್ನು ರಸ್ತೆ ಕೆಲಸದವರು ಕೈಯಲ್ಲೇ ಮಣ್ಣು ಬಗೆದು ತೆಗೆದರು.

ಮತ್ತಿಕೆರೆಯಲ್ಲಿದ್ದ ಅಪ್ಪನ ಬಾಡಿಗೆ ಮನೆಗೆ ಬಂದ ಮೇಲೆ ಅಜ್ಜಿ ಮಲಗಲೇ ಇಲ್ಲ. ಗೋಡೆಗೊರಗಿ ಕೂತೇ ಬೆಳಗು ಮಾಡುತ್ತಿದ್ದರು. “ಇಲ್ಲಿ ಗುಡ್ಡಾನೇ ಇಲ್ಲ ಕಣ್ರೀ ಅಮ್ಮಾ. ಬಿದ್ರೆ ನಮ್ಮನೆಯವರು ಮಂಚದಿಂದ ಬೀಳ್ಬೇಕು ಅಷ್ಟೇ” ಎಂದು ಪಕ್ಕದ ಮನೆಯ ಶಹನಾಜ್ ಆಂಟಿ ನಗಿಸುತ್ತಿದ್ದರು. ಅಜ್ಜ ಮಾತ್ರ ಸಮಾಧಾನ ಹೇಳುವ ಧೈರ್ಯ ಮಾಡಲಿಲ್ಲ.

ಒಂದು ಭಾನುವಾರ ಅಜ್ಜ, ಹಿಂದಿನ ರಸ್ತೆಯಲ್ಲಿ ಪಾಯಕ್ಕೆ ಅಗೆದಿದ್ದ ಗುಂಡಿಗೆ ಅಜ್ಜಿಯನ್ನು ಕರೆದೊಯ್ದು, ಏಣಿ ಹಿಡಿದು ಇಳಿಸಿದರು. ತಳದಲ್ಲಿ ಬೂದು ಬಂಡೆ. ಅಜ್ಜಿ ಚಪ್ಪಲಿ ಬಿಟ್ಟು ಅದರ ಮೇಲೆ ನಿಂತರು.

“ಈಗಿನ ನಮ್ಮ ಮನೆಯಡಿಗೂ ಇದೇ ಬಂಡೆ” ಎಂದರು ಅಜ್ಜ.

“ಈ ಸಲ ಸರಿಯಾಗಿ ನೋಡಿದ್ದೀರೋ?”

“ಮೂರು ದಿನದಿಂದ ನೋಡ್ತಾ ಇದ್ದೇನೆ.”

ಸೋಮವಾರ ಹಾಲಿನವನು ಬಂದು ಹೋದರೂ ಅಜ್ಜಿ ಏಳಲಿಲ್ಲ. ಕೆನ್ನೆಯಡಿ ಕೈಯಿಟ್ಟು, ಕಾಲು ಚಾಚಿ, ಸಣ್ಣಗೆ ಗೊರಕೆ ಹೊಡೆಯುತ್ತ ಮಲಗಿದ್ದರು. ಅಜ್ಜ ಬಾಗಿಲಲ್ಲಿ ಕೂತು, ಸದ್ದು ಮಾಡಬೇಡಿರೆಂದು ನಮಗೆಲ್ಲ ಕೈಸನ್ನೆ ಮಾಡುತ್ತಿದ್ದರು.