ಯಾದಮ್ಮನ ಹಾಸು, ಮೋಕ್ಷಾಳ ಕಾಲು

ಯಾದಮ್ಮ ದೊಡ್ಡಮ್ಮ ಹಾಸು ಹಾಕಿದ್ಲು ಅಂದ್ರೆ ಆವತ್ತು ಬೆಳಿಗ್ಗೆ ನಮ್ಮ ಬೀದಿ ಪೂರ್ತಿ ಅವಳದೇ! ಅವಳ ಮನೆ ಬಾಗ್ಲಿಂದ ಹನುಮಂತನ ಗುಡಿ ತನಕ, ಮಗ್ಗಕ್ಕೆ ಏರಿಸೋ ನೂಲನ್ನ ಉದ್ದಕ್ಕೆ ಎಳೆದು ಕಟ್ಟಿ, ಗಂಜಿ ಹಚ್ಚಿ, ದೊಡ್ಡ ಬ್ರಷ್ ಎಳ್ಕೊಂಡು ಹಿಂದೆ ಮುಂದೆ ಓಡಾಡ್ತಾ ಇರ್ತಾಳೆ. ಸೈಕಲ್ಲಿನವನು ಇಳಿದು ತಳ್ಕೊಂಡು ಹೋಗ್ಬೇಕು, ಎಮ್ಮೆ ಬಂದ್ರೆ ಎಮ್ಮೆಗೂ ಅದರ ಯಜಮಾನನಿಗೂ ಸೇರಿಸಿ ಬೈಗುಳ. ಒಂದ್ಸಲ ಮದುವೆ ದಿಬ್ಬಣಾನೇ ಬ್ಯಾಂಡಿನವರ ಸಮೇತ ಪಕ್ಕದ ಗಲ್ಲಿಗೆ ತಿರುಗಿಸಿಬಿಟ್ಲು. "ತಾಳಿ ಸಾಯಂಕಾಲ ಕಟ್ಟಿದ್ರೂ ತಾಳೀನೇ ಕಣಪ್ಪಾ, ನನ್ನ ಗಂಜಿ ಬಿಸಿಲು ಏರಿದ್ರೆ ಕೆಟ್ಟೋಗುತ್ತೆ, ಆ ಕಡೆ ಹೋಗಿ" ಅಂದ್ಲಂತೆ. ಮದುವೆ ಗಂಡೇ ಎಲ್ಲರಿಗಿಂತ ಮೊದಲು ತಿರುಗಿದ್ನಂತೆ!

ಅವಳ ಕಟ್ಟುನಿಟ್ಟಿಗೂ ಕಾರಣ ಇದೆ ಅನ್ನಿ. ನಮ್ಮ ಪೋಚಂಪಲ್ಲಿ ಕಡೆ ನೇಯೋದಕ್ಕೆ ಮೊದಲೇ ನೂಲಿಗೆ ಅಲ್ಲಲ್ಲಿ ಕಟ್ಟು ಹಾಕಿ ಬಣ್ಣಕ್ಕೆ ಅದ್ದೋದು. ಗಿಳಿ, ಆನೆ, ಹೂವು ಎಲ್ಲಾ ಆ ನೂಲಲ್ಲೇ ಬಂದು ಕೂತಿರುತ್ತೆ. ಎಳೆ ಸ್ವಲ್ಪ ಜರುಗಿದ್ರೆ ಗಿಳಿ ಕೊಕ್ಕು ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಅದಕ್ಕೇ ಇಲ್ಲಿ ಮಕ್ಕಳಿಗೆ ಮಾತು ಬರೋ ಮುಂಚೆನೇ ಹಾಸು ಮುಟ್ಟಬಾರದು ಅಂತ ಗೊತ್ತಾಗಿರುತ್ತೆ. ಗಂಡ ತೀರಿಕೊಂಡ ಮೇಲೆ ಅವನ ಮಗ್ಗದ ಗುಂಡಿಗೆ ತಾನೇ ಕಾಲಿಳಿಸಿ ಕೂತವಳು ಯಾದಮ್ಮ. ಮಗನ್ನ ಸಾಕಿದ್ಲು, ಅವನಿಗೆ ನೂಲು ಬಣ್ಣಕ್ಕೆ ಅದ್ದೋದು ಕಲಿಸಿದ್ಲು, ಸ್ವರೂಪಾನ ಸೊಸೆಯಾಗಿ ತಂದ್ಲು. ಆಮೇಲೆ ಮೋಕ್ಷಾ ಹುಟ್ಟಿದ್ಲು.

ಮೋಕ್ಷಾ ಅಂದ್ರೆ ನಮ್ಮ ಬೀದಿಯ ಮುದ್ದು! ಯಾರನ್ನ ಕಂಡ್ರೂ ಕಣ್ಣು ಮುಚ್ಚಿ ಹೋಗೋ ಹಾಗೆ ನಗ್ತಾಳೆ, ಎತ್ಕೊಂಡ್ರೆ ಕಿವಿ ಓಲೆ ಜಗ್ತಾಳೆ. ಡೌನ್ ಸಿಂಡ್ರೋಮ್ ಇರೋದ್ರಿಂದ ಅವಳದು ಎಲ್ಲಾ ನಿಧಾನ. ಎರಡು ವರ್ಷ ತುಂಬಿದ್ರೂ ನಿಲ್ತಾನೇ ಇರ್ಲಿಲ್ಲ. ಕೂತಲ್ಲೇ ಕುಂಡಿ ಜರುಗಿಸ್ಕೊಂಡು ಮನೆಯೆಲ್ಲಾ ಸುತ್ತೋಳು, ಆದ್ರೆ ನಿಲ್ಲಿಸೋಕೆ ಹೋದ್ರೆ ನೆಲ ಸುಡ್ತಿದೆಯೇನೋ ಅನ್ನೋ ಹಾಗೆ ಎರಡೂ ಕಾಲು ಮೇಲಕ್ಕೆ ಎಳ್ಕೊಂಡುಬಿಡೋಳು.

ಎದುರುಮನೆ ಲಿಂಗವ್ವನ ಬಾಯಿ ಸುಮ್ನಿರುತ್ತಾ? "ಏನತ್ತಿಗೆ, ನಿನ್ನ ಮೊಮ್ಮಗಳು ಕೂತೇ ಇರ್ತಾಳಲ್ಲ? ಹೋಗ್ಲಿ ಬಿಡು, ಮಗ್ಗಕ್ಕೂ ಕೂರೋರೇ ಬೇಕು."

"ಮಗ್ಗದಲ್ಲಿ ಕೂತೋಳ ಕಾಲು ತಾನೇ ಕಣೇ ದುಡಿಯೋದು! ನಿಂದು ಬಾಯಿ ಒಂದೇ ದುಡಿಯೋದು, ಅದಕ್ಕೆ ಗೊತ್ತಿಲ್ಲ" ಅಂತ ಯಾದಮ್ಮ ಅಲ್ಲಿಂದಲ್ಲಿಗೇ ತಿರುಗಿಸಿ ಕೊಟ್ಲು.

ಬೀದೀಲಿ ಹಾಗೆ ಅಂದವಳು ಒಳಗೆ ಬಂದು ಸ್ವರೂಪಾಳ ಹತ್ರ ಮೆತ್ತಗೆ, "ನನ್ನ ಸೊಂಟ ಇರೋ ತನಕ ಎತ್ಕೊಂಡು ತಿರುಗ್ತೀನಮ್ಮಾ. ಆಮೇಲೆ ಯಾರು ಎತ್ಕೋತಾರೆ? ಇವಳು ನಿಂತ್ಕೋಬೇಕು" ಅಂದ್ಲಂತೆ. ಆಮೇಲೆ ಅವಳಿಗೆ ಅದೊಂದೇ ಧ್ಯಾನ.

ಬುಧವಾರ ಬುಧವಾರ ಶಾಲೆಯ ಒಂದು ರೂಮಿಗೆ ನಸ್ರೀನ್ ಮೇಡಂ ಬರ್ತಾರೆ, ಇಂಥಾ ಮಕ್ಕಳಿಗೆ ವ್ಯಾಯಾಮ ಕಲಿಸೋಕೆ. ಅವರು ಮೋಕ್ಷಾಳ ತೊಡೆ ಒತ್ತಿ ನೋಡಿ, "ಇವಳ ಸ್ನಾಯು ಸ್ವಲ್ಪ ಸಡಿಲ ಅಮ್ಮಾ. ಕಾಲಿನ ಮೇಲೆ ಭಾರ ಬಿದ್ರೇ ಬಿಗಿ ಬರೋದು. ಸೊಂಟಕ್ಕೆ ಆಸರೆ ಕೊಟ್ಟು ದಿನಾ ಸ್ವಲ್ಪ ಸ್ವಲ್ಪ ನಿಲ್ಲಿಸಿ" ಅಂದ್ರು. ಸಡಿಲ, ಬಿಗಿ ಅನ್ನೋದನ್ನ ನೇಕಾರಳಿಗೆ ಬಿಡಿಸಿ ಹೇಳ್ಬೇಕಾ?

ಮನೆಗೆ ಬಂದವಳೇ ಮಾಡಿದ್ದೇನು ಗೊತ್ತಾ? ಮಗೂನ ತಗೊಂಡು ಹೋಗಿ ಮಗ್ಗದ ಗುಂಡಿಯೊಳಗೆ ಇಳಿಸಿಬಿಟ್ಲು! ಗುಂಡಿ ಅಂಚು ಸರಿಯಾಗಿ ಮೋಕ್ಷಾಳ ಎದೆಮಟ್ಟ. ಸುತ್ತ ಹಳೇ ಸೀರೆ ತುರುಕಿ, ತಾನು ಪಕ್ಕದಲ್ಲಿ ಕೂತು ಜೋಳದ ರೊಟ್ಟಿ ತುಂಡು ಬಾಯಿಗಿಡೋಳು. ಮೋಕ್ಷಾ ರಾಣಿ ಹಾಗೆ ಅಂಚಿನ ಮೇಲೆ ಎರಡೂ ಕೈ ಚಾಚಿ ನಗೋಳು. ಯಾದಮ್ಮ ಬೀದಿಯವರನ್ನೆಲ್ಲ ಕರ್ಕೊಂಡು ಬಂದು, "ನೋಡ್ರೇ, ನನ್ನ ಬಂಗಾರ ನಿಂತಿದೆ!" ಅಂತ ತೋರಿಸಿದ್ದೇ ತೋರಿಸಿದ್ದು.

ಮುಂದಿನ ಸಲ ನಸ್ರೀನ್ ಮೇಡಮ್ಮನ್ನೂ ಕರ್ಕೊಂಡು ಬಂದ್ಲು. ಅವರು ಬಗ್ಗಿ, ಗುಂಡಿಯೊಳಗೆ ಕೈ ಹಾಕಿ ನೋಡಿ ನಗೋಕೆ ಶುರು ಮಾಡಿದ್ರು. ಮೋಕ್ಷಾ ಒಳಗೆ ಮಂಡಿ ಮಡಚ್ಕೊಂಡು ಸೀರೆ ಮೂಟೆ ಮೇಲೆ ಆರಾಮಾಗಿ ಕೂತಿದ್ಲು!

"ಕಳ್ಳೀ!" ಅಂದ್ಲು ಯಾದಮ್ಮ, ಮುಖ ಸಣ್ಣದಾಯ್ತು.

"ಕಳ್ಳಿ ಅಲ್ಲಮ್ಮಾ, ಜಾಣೆ. ಗುಂಡಿನೇ ನಿಲ್ಲಿಸ್ಕೊಂಡ್ರೆ ಇವಳು ಯಾಕೆ ಕಷ್ಟ ಪಡ್ತಾಳೆ? ಇವಳಿಗೆ ಏನೋ ಒಂದು ಬೇಕು ಅನ್ನಿಸ್ಬೇಕು. ಅದು ಸ್ವಲ್ಪ ಮೇಲಿರ್ಬೇಕು. ಆಗ ತಾನೇ ಏಳ್ತಾಳೆ."

ಸರಿ, ಎತ್ತರದ ಮಣೆ ಮೇಲೆ ರೊಟ್ಟಿ ಇಟ್ಟಿದ್ದಾಯ್ತು, ಗಿಲಕಿ ಇಟ್ಟಿದ್ದಾಯ್ತು. ಮೋಕ್ಷಾ ಕೆಳಗೆ ಕೂತು ಗುಬ್ಬಿ ಮರಿ ಹಾಗೆ ಬಾಯಿ ತೆರೀತಾಳೆ, ನೋಡಿದವರ ಜೀವ ಕರಗಿ ಯಾರೋ ಒಬ್ರು ತೆಗೆದು ಕೊಟ್ಟೇಬಿಡ್ತಾರೆ. ಎಲ್ಲರಿಗಿಂತ ಮೊದಲು ಕೊಡೋಳು ಲಿಂಗವ್ವಾನೇ!

ಹೀಗಿರೋವಾಗ ಒಂದು ದಿನ ಬೆಳಿಗ್ಗೆ ಹಾಸು ಹಾಕಿದ್ರು. ಕೆಂಪು ನೂಲಲ್ಲಿ ಸಾಲು ಸಾಲು ಬಿಳೀ ಗಿಳಿ. ನಾನು ಗುಡಿ ಕಡೆ ತುದೀಲಿ ಹಾಸನ್ನ ಬಿಗಿಯಾಗಿ ಎಳೆಯೋ ಹಗ್ಗ ಹಿಡ್ಕೊಂಡಿದ್ದೆ, ಕಾಲೇಜ್ ಬಸ್ಸಿಗೆ ಇನ್ನೂ ಟೈಮ್ ಇತ್ತು. ಯಾದಮ್ಮ ಮಧ್ಯದಲ್ಲಿ ಬ್ರಷ್ ಎಳೀತಿದ್ಲು. ಮೋಕ್ಷಾ ಮನೆ ಬಾಗ್ಲಲ್ಲಿ ಕೂತಿದ್ಲು, ಸ್ವರೂಪ ಗಂಜಿ ತರೋಕೆ ಒಳಗೆ ಹೋಗಿದ್ಲು. ಆ ತುದೀಲಿ ನೂಲು ಇಳಿಜಾರಾಗಿ ಬಂದು ಗೂಟಕ್ಕೆ ಸೇರುತ್ತೆ, ಅಲ್ಲಿ ಅದು ತುಂಬಾ ತಗ್ಗು.

ಇದ್ದಕ್ಕಿದ್ದ ಹಾಗೆ ನನ್ನ ಕೈಯಲ್ಲಿದ್ದ ಹಗ್ಗ ಜಗ್ಗಿತು! ತಲೆ ಎತ್ತಿ ನೋಡಿದ್ರೆ ಮೋಕ್ಷಾ ಕುಂಡಿ ಜರುಗಿಸ್ಕೊಂಡು ಹೋಗಿ ಎರಡೂ ಮುಷ್ಟಿ ತುಂಬಾ ನೂಲು ಹಿಡಿದಿದ್ದಾಳೆ. ಮೂಗಿನ ಮುಂದೆ ಗಿಳಿ. ಅದರ ಮೇಲಿನ ಗಿಳಿ ಬೇಕು ಅವಳಿಗೆ. ಒಂದು ಮಂಡಿ ಊರಿದ್ಲು. ಹಸಿ ಗಂಜಿ ಕೈಗೆ ಅಂಟ್ಕೊಂಡಿದೆ, ಹಾಸು ಪೂರ್ತಿ ತೂಗ್ತಿದೆ, ಅವಳು ಹಿಡಿದ ಕಡೆ ಗಿಳಿಗಳು ಸೊಟ್ಟಗೆ ಸರೀತಾ ಇದಾವೆ.

ಲಿಂಗವ್ವ "ಅಯ್ಯೋ ಹಾಸು!" ಅಂತ ಓಡಿದ್ಲು.

"ಮುಟ್ಟಿದ್ರೆ ಕೈ ಮುರೀತೀನಿ!" ಅಂತ ಕೂಗಿದ್ಲು ಯಾದಮ್ಮ. ನಾವೆಲ್ಲ ಮಗೂಗೆ ಬೈತಿದ್ದಾಳೆ ಅಂದ್ಕೊಂಡ್ವಿ. ಬೈದಿದ್ದು ಲಿಂಗವ್ವನಿಗೆ! ಆಮೇಲೆ ನನ್ನ ಕಡೆ ತಿರುಗಿ, "ಏಯ್ ಹುಡುಗಿ, ಹಗ್ಗ ಸಡಿಲ ಬಿಟ್ಟೀಯ, ಬಿಗಿಯಾಗಿ ಹಿಡ್ಕೋ!" ಅಂದ್ಲು.

ಹಿಡ್ಕೊಂಡೆ, ಕೈ ಉರಿದ್ರೂ ಹಿಡ್ಕೊಂಡೆ. ಮೋಕ್ಷಾ ಒಂದು ಪಾದ ಊರಿದ್ಲು. ಇನ್ನೊಂದು ಪಾದ ಊರಿದ್ಲು. ಕುಂಡಿ ಮೇಲೆ ಬಂತು, ಬೆನ್ನು ಮೇಲೆ ಬಂತು, ನಿಂತುಬಿಟ್ಲು! ಮೇಲಿನ ಗಿಳೀನ ನೆಕ್ಕಿದ್ಲು, ಗಂಜಿ ರುಚಿ ಸಿಕ್ತು, ನಕ್ಕಳು. ಗಂಜಿ ಚೊಂಬು ಹಿಡ್ಕೊಂಡು ಹೊರಗೆ ಬಂದ ಸ್ವರೂಪ ಅಲ್ಲೇ ಗೋಡೆಗೆ ಒರಗಿಬಿಟ್ಲು. ಆಮೇಲೆ ಮೋಕ್ಷಾ ದೊಪ್ ಅಂತ ಕೂತ್ಲು. ಯಾದಮ್ಮ ಬ್ರಷ್ ಬಿಸಾಕಿ ಓಡಿ ಬಂದ್ಲು.

ಆ ಹಾಸನ್ನ ಸರಿ ಮಾಡೋಕೆ ಮಧ್ಯಾಹ್ನ ಆಯ್ತು, ಆದ್ರೂ ಒಂದು ಸಾಲು ಗಿಳಿ ವಾಲಿಕೊಂಡೇ ಉಳೀತು. "ನೇಕಾರರ ಸೊಸೈಟಿಯವರು ಕೇಳಿದ್ರೆ ಏನಂತೀರಿ ಅತ್ತಮ್ಮಾ?" ಅಂದ್ಲು ಸ್ವರೂಪ. "ಗಿಳಿಗಳು ಬಗ್ಗಿ ನನ್ನ ಮೊಮ್ಮಗಳನ್ನ ನೋಡ್ತಿವೆ ಅಂತೀನಿ."

ಮಾರನೇ ದಿನ ಲಿಂಗವ್ವ ಮನೆಮನೆಗೂ ಹೋಗಿ ಕೆಟ್ಟ ನೂಲು, ಬಣ್ಣ ತಪ್ಪಿದ ನೂಲು, ತುಂಡು ನೂಲು ಎಲ್ಲಾ ಒಟ್ಟು ಮಾಡ್ಕೊಂಡು ಬಂದ್ಲು. ಕೆಂಪು, ಹಳದಿ, ಹಸಿರು ಸೇರಿಸಿ ಒಂದು ಗಿಡ್ಡ ಹಾಸು ಹಾಕಿದ್ರು, ಮೋಕ್ಷಾಗೇ ಅಂತ! ಅದಕ್ಕೂ ಗಂಜಿ ಹಚ್ಚಿದ್ರು, ರುಚಿ ಇರ್ಲಿ ಅಂತ. ಆವತ್ತು ಬುಧವಾರ. ನಸ್ರೀನ್ ಮೇಡಂ ಬಂದು ಹಾಸನ್ನ ಕೈಯಲ್ಲಿ ಒತ್ತಿ ನೋಡಿ, "ಇನ್ನೂ ಬಿಗಿ ಬೇಕು, ಜೋಲಾಡಬಾರದು. ಕೆಳಗೆ ಮೆತ್ತಗೆ ಏನಾದ್ರೂ ಹಾಸಿ" ಅಂದ್ರು. ಎರಡೂ ಕಡೆ ಜನ ನಿಂತು ಎಳೆದ್ರು.

ಮೋಕ್ಷಾ ಎಲ್ಲರನ್ನೂ ನೋಡಿದ್ಲು. ಆಮೇಲೆ ಹಳದಿ ನೂಲು ಹಿಡಿದ್ಲು, ಎದ್ಲು. ಕಾಲು ನಡುಗ್ತಾ ಇತ್ತು, ಆದ್ರೂ ಕೂರ್ಲಿಲ್ಲ.

ಕೂತಿದ್ದು ಯಾದಮ್ಮ. ಬೀದಿ ಮಧ್ಯೆನೇ, ಮಣ್ಣಲ್ಲೇ, ಸೆರಗಲ್ಲಿ ಮುಖ ಒರೆಸ್ಕೊಂಡು ಕೂತುಬಿಟ್ಲು. "ನಿಂತೋಳು ನಿಂತಿರ್ಲಿ ಬಿಡ್ರೇ. ಈಗ ನನ್ನ ಕಾಲಲ್ಲಿ ಶಕ್ತಿ ಇಲ್ಲ. ಯಾರಾದ್ರೂ ಒಂದು ಲೋಟ ಚಾ ಕೊಡ್ರೇ."