ಸೌರಭನನ್ನು ರಾಜ್ಮಾ ಮಾಡಿದ ಭಾನುವಾರ

ಆಗೆಲ್ಲ ಮೇ ತಿಂಗಳು ಬಂತೆಂದರೆ ಡೊಂಬಿವಲಿಯ ನಮ್ಮ ಸೊಸೈಟಿಯ ಅರ್ಧ ಮಕ್ಕಳು ಊರಿಗೆ ಹೊರಟುಬಿಡುತ್ತಿದ್ದರು. ಉಳಿಯುತ್ತಿದ್ದವರು ಟಿಕೆಟ್ ಸಿಗದವರು, ಅಪ್ಪಂದಿರಿಗೆ ರಜೆ ಸಿಗದವರು. ನನ್ನ ಅಪ್ಪನದು ಸ್ಟೇಷನ್ ಹತ್ತಿರ ಒಂದು ಸಣ್ಣ ಉಡುಪಿ ಹೋಟೆಲು. ಹೋಟೆಲಿಗೆ ರಜೆ ಎಂಬುದೇ ಇರಲಿಲ್ಲವಾದ್ದರಿಂದ ನಮಗೂ ಇರಲಿಲ್ಲ. ಅದಕ್ಕಾಗಿ ನಾನೇನೂ ಅಳುತ್ತ ಕೂತವಳಲ್ಲ. ಊರಿಗೆ ಹೋದವರಿಗೆ ಮಾವಿನಹಣ್ಣು ಸಿಕ್ಕಿರಬಹುದು, ನಮಗೆ ಸಿ ವಿಂಗಿನ ಕೆಳಗಿನ ಪಾರ್ಕಿಂಗ್ ಸಿಕ್ಕಿತ್ತು.

ಅಲ್ಲೊಂದು ಮೂಲೆಯಲ್ಲಿ ಮೇಲಿನ ಪೈಪು ಸೋರುತ್ತಿದ್ದುದರಿಂದ ಯಾರೂ ಗಾಡಿ ನಿಲ್ಲಿಸುತ್ತಿರಲಿಲ್ಲ. ಒದ್ದೆ ಸಿಮೆಂಟಿನ ವಾಸನೆ, ಪೆಟ್ರೋಲಿನ ವಾಸನೆ, ಗಾಳಿ ತಿರುಗಿದರೆ ಫ್ಯಾಕ್ಟರಿ ಕಡೆಯಿಂದ ಮೂಗು ಉರಿಸುವ ಇನ್ನೊಂದು ವಾಸನೆ. ಅಲ್ಲೇ ಚಾಪೆ ಹಾಸಿ ನಾವು ಕಥೆಯ ಆಟ ಆಡುತ್ತಿದ್ದೆವು. ಒಬ್ಬರು ಕಥೆ ಹೇಳುತ್ತ ಹೋಗಬೇಕು: ಇಗೋ ಕೋಟೆ, ಇಗೋ ಬಾಗಿಲು, ಒಳಗೇನೋ ಗುರುಗುಟ್ಟುತ್ತಿದೆ. ಉಳಿದವರು ಒಬ್ಬೊಬ್ಬ ವೀರನಾಗಿ ಏನು ಮಾಡುತ್ತೇವೆಂದು ಹೇಳಬೇಕು. ಗೆದ್ದರೋ ಸತ್ತರೋ ದಾಳ ತೀರ್ಮಾನಿಸುತ್ತಿತ್ತು. ಕಥೆ ಹೇಳುವವರಿಗೆ ವಾಚ್‌ಮನ್ ಕಾಕಾನ ಕೆಂಪು ಪ್ಲಾಸ್ಟಿಕ್ ಕುರ್ಚಿ, ಮಿಕ್ಕವರಿಗೆ ಚಾಪೆ.

ಆ ಕುರ್ಚಿಯಲ್ಲಿ ಯಾವಾಗಲೂ ಸೌರಭನೇ. ನನಗೆ ಹನ್ನೆರಡು, ಅವನಿಗೆ ಹದಿನೈದು. ಠಾಣೆ ಊರಿನ ತನ್ನ ಮಾವನ ಮಗನಿಂದ ಆಟ ಕಲಿತು ಬಂದವನು ಅವನಾದ್ದರಿಂದ ಕುರ್ಚಿ ಅವನ ಹೆಸರಿಗೇ ಬರೆದುಕೊಟ್ಟಂತಿತ್ತು. ನಾನು ಎರಡು ಬೇಸಿಗೆ ಪೂರ್ತಿ ಗಾಯಕ್ಕೆ ಮದ್ದು ಹಚ್ಚುವವಳಾಗಿದ್ದೆ. ಯಾರಿಗಾದರೂ ಕತ್ತಿ ತಾಗಿದರೆ ಮಾತ್ರ ನನ್ನ ಸರದಿ. ನನ್ನ ತಲೆ ತುಂಬ ಕಥೆಗಳಿದ್ದವು, ಕೈಯಲ್ಲಿದ್ದುದು ಸುಳ್ಳು ಮುಲಾಮು. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಒಂದು ದಿನ ಕೇಳಿಯೇಬಿಟ್ಟೆ, ಒಂದು ಸಲ ನಾನು ಕೂರುತ್ತೇನೆ ಎಂದು. ಸೌರಭ ನಕ್ಕ. "ನಕ್ಶಾ ಹೈ ತೇರೇ ಪಾಸ್?" ಅವನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚುತ್ತಿದ್ದ, ನನ್ನಿಂದ ಮಾತ್ರ ಸರಿಯಾದ ನಕ್ಷೆ ಬೇಕಂತೆ! ಕೊನೆಗೆ ಷರತ್ತು ಹಾಕಿದ: ಬರುವ ಭಾನುವಾರ ಒಂದೇ ಒಂದು ಆಟ. ನಡುವೆ ಎಲ್ಲಾದರೂ ತಡವರಿಸಿದರೆ ಮತ್ತೆಂದೂ ಕುರ್ಚಿಯ ಹೆಸರೆತ್ತಬಾರದು.

ಇಂಟರ್ನೆಟ್ಟಿನಲ್ಲಿ ಹುಡುಕಿದಾಗ ನನ್ನ ಅದೃಷ್ಟ ತೆರೆಯಿತು. ಯಾರೋ ಪುಣ್ಯಾತ್ಮರು ಕೋಟೆಯ ಕೋಣೆ, ಓಣಿ, ಮೆಟ್ಟಿಲು, ನೆಲಮಾಳಿಗೆಗಳನ್ನೆಲ್ಲ ಚೌಕ ಚೌಕದ ತುಂಡುಗಳಾಗಿ ಬರೆದು ಬಿಟ್ಟಿಯಾಗಿ ಇಟ್ಟಿದ್ದರು. ಮುದ್ರಿಸಿ, ರಟ್ಟಿಗೆ ಅಂಟಿಸಿ, ಕತ್ತರಿಸಿ, ನೆಲಕ್ಕೆ ಟೈಲ್ಸ್ ಹಾಕುವ ಹಾಗೆ ಜೋಡಿಸಿದರೆ ಕೋಟೆ ಸಿದ್ಧ. ಒಂದೊಂದು ಚೌಕವೂ ಒಂದು ಇಂಚು. ಹೋಟೆಲಿನ ಹಳೆಯ ಪ್ಲಾಸ್ಟಿಕ್ ಟೋಕನ್‌ಗಳು, ಇಡ್ಲಿಗೆ ಕೆಂಪು, ಚಹಾಕ್ಕೆ ಹಳದಿ, ಉಪ್ಪಿಟ್ಟಿಗೆ ಹಸಿರು, ಆ ಚೌಕದಲ್ಲಿ ಸರಿಯಾಗಿ ಕೂರುತ್ತಿದ್ದವು. ಅವೇ ನನ್ನ ವೀರರು.

ಮೇಲಿನ ಕೋಟೆಯ ಹನ್ನೆರಡು ಪುಟ ನಮ್ಮ ಗಲ್ಲಿಯ ಝೆರಾಕ್ಸ್ ಅಂಗಡಿಯಲ್ಲಿ ಆಯಿತು. ಅಷ್ಟರಲ್ಲಿ ಅವರ ಬಣ್ಣದ ಇಂಕು ಮುಗಿಯಿತು. ನೆಲಮಾಳಿಗೆಯ ಹನ್ನೆರಡು ಪುಟಗಳನ್ನು ನೆರೂಳದ ಚಿಕ್ಕಪ್ಪನಿಗೆ ಕಳಿಸಿದೆ, ಆಫೀಸಿನಲ್ಲಿ ಮುದ್ರಿಸಿ ತರಲಿ ಎಂದು. ಶನಿವಾರ ಮಧ್ಯಾಹ್ನ ಚಿಕ್ಕಪ್ಪ ಹೋಟೆಲಿಗೇ ಬಂದು, ಕವರನ್ನು ಗಲ್ಲಾದ ಮೇಲಿಟ್ಟು, ಎದೆಯುಬ್ಬಿಸಿ ಹೇಳಿದರು: "ಹನ್ನೆರಡು ಪುಟ ಆರೇ ಹಾಳೆಯಲ್ಲಿ ಕೂರ್ಸಿದೆ, ನೋಡು ಪುಟ್ಟಿ!"

ನಮ್ಮದು ಹಳೆಯ ಬಿಲ್ಲಿನ ಬೆನ್ನಿನ ಮೇಲೆ ಆರ್ಡರ್ ಬರೆದುಕೊಳ್ಳುವ ವಂಶ. ಕಾಗದ ಉಳಿಸಿದವನಿಗೆ ನಮ್ಮಲ್ಲಿ ಮರ್ಯಾದೆ ಜಾಸ್ತಿ. ಅಪ್ಪ ತಮ್ಮನ ಬೆನ್ನು ತಟ್ಟಿದರು. ನನಗೂ ಆಗ ಏನೂ ಹೊಳೆಯಲಿಲ್ಲ.

ನಾಲ್ಕು ಗಂಟೆಗೆ ಗಿರಾಕಿ ಕಡಿಮೆಯಾದಾಗ ಅಡುಗೆಯ ವಾಸಣ್ಣ ಮೈದಾ ಕಾಯಿಸಿ ಅಂಟು ಮಾಡಿಕೊಟ್ಟ. ಮಿಠಾಯಿ ಬಾಕ್ಸಿನ ರಟ್ಟಿಗೆ ಎಲ್ಲವನ್ನೂ ಅಂಟಿಸಿದೆವು. ವಾಸಣ್ಣ ಬರ್ಫಿ ಕತ್ತರಿಸುವ ಚೂರಿ ಹಿಡಿದು, ಸ್ಟೀಲಿನ ಪಟ್ಟಿ ಒತ್ತಿ, ಒಂದು ಗೆರೆಯೂ ಡೊಂಕಾಗದಂತೆ ಕತ್ತರಿಸಿದ. ಹಿಂದಿನ ಮೇಜಿನ ಮೇಲೆ ಕೋಟೆ ಹಾಸಿದೆ. ಮೆಟ್ಟಿಲಿನ ಕೆಳಗೆ ನೆಲಮಾಳಿಗೆ ಜೋಡಿಸಲು ಹೋದೆ. ಮೇಲಿನ ಬಾಗಿಲಿಗೆ ಕೆಳಗಿನ ಬಾಗಿಲು ಕೂಡುತ್ತಲೇ ಇಲ್ಲ! ಎರಡು ಪುಟವನ್ನು ಒಂದೇ ಹಾಳೆಗೆ ತುರುಕಿದ್ದರಿಂದ ಚೌಕಗಳೆಲ್ಲ ಕುಗ್ಗಿಹೋಗಿದ್ದವು. ಇಡ್ಲಿ ಟೋಕನ್ ಇಟ್ಟರೆ ಗೆರೆ ದಾಟಿ ಪಕ್ಕದ ಚೌಕದಲ್ಲಿ ಹೊಟ್ಟೆ ಚಾಚುತ್ತಿತ್ತು. ಝೆರಾಕ್ಸ್ ಅಂಗಡಿಗೆ ಭಾನುವಾರ ರಜೆ, ಇಂಕು ಬರುವುದು ಸೋಮವಾರ. ಎರಡು ಬೇಸಿಗೆಯ ಆಸೆ ಆರು ಹಾಳೆಯಲ್ಲಿ ಮುಳುಗಿತ್ತು. ನಾನು ಗೋಣಿಚೀಲದ ಮೇಲೆ ಕೂತು ಗೊಳೋ ಎಂದು ಅತ್ತೆ.

"ಎಂತಕ್ಕೆ ಅಳುದು?" ವಾಸಣ್ಣ ಚೂರಿ ಒರೆಸುತ್ತ ಕೇಳಿದ. ಹೇಳಿದೆ.

"ಅಷ್ಟೆಯಾ? ಒಮ್ಮೆ ನಿನ್ನ ಅಪ್ಪ ಇಡ್ಲಿ ತಟ್ಟೆ ತರ್ಸಿದ್ರು. ಬಂದದ್ದು ನೋಡಿದ್ರೆ ಇಷ್ಟಿಷ್ಟೇ ಗುಂಡಿ. ವಾಪಸ್ ಕೊಡ್ಲಿಕ್ಕೆ ಹೊರಟಿದ್ರು. ನಾನು ಹತ್ತು ಇಡ್ಲಿ ಒಂದು ಬಟ್ಟಲಿಗೆ ಹಾಕಿ ಮೇಲಿಂದ ಸಾಂಬಾರು ಹೊಯ್ದೆ. ಬೋರ್ಡಿನಲ್ಲಿ ಹೊಸ ಹೆಸರು ಬರ್ಸಿದೆ. ಈಗ ಗಿರಾಕಿಗಳು ಅದನ್ನೇ ಕೇಳುದು."

"ತಟ್ಟೆ ತಪ್ಪಿ ಬಂದದ್ದು ಅಂತ ಯಾರೂ ಹೇಳ್ಲಿಲ್ವಾ?"

"ಬೋರ್ಡಿನಲ್ಲಿ ಬರೆದ ಮೇಲೆ ಯಾರು ಹೇಳ್ತಾರೆ ಮಾರಾಯ್ತಿ!"

ನನ್ನ ಅಳು ಅಲ್ಲೇ ನಿಂತಿತು. ಮೂಗು ಒರೆಸಿಕೊಂಡು ಎದ್ದವಳೇ ಉಗ್ರಾಣಕ್ಕೆ ನುಗ್ಗಿ ಡಬ್ಬಿಗಳ ಮುಚ್ಚಳ ತೆಗೆಯತೊಡಗಿದೆ.

ಭಾನುವಾರ ಹತ್ತು ಗಂಟೆಗೆ ಕೆಂಪು ಕುರ್ಚಿಯಲ್ಲಿ ಕೂತೆ. ಕಾಲು ನೆಲಕ್ಕೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಚಾಪೆಯ ಮೇಲೆ ಸೌರಭ, ಎ ವಿಂಗಿನ ತನ್ವಿ, ಅವಳ ತಮ್ಮ ಓಂಕಾರ. ಮೇಲಿನ ಕೋಟೆ ಸಲೀಸಾಗಿ ನಡೆಯಿತು. ಇಡ್ಲಿ ಟೋಕನಿನ ಸೌರಭ ಇಬ್ಬರು ಕಾವಲುಗಾರರನ್ನು ಕೆಡವಿ ಮೀಸೆ ಇಲ್ಲದಿದ್ದರೂ ತಿರುವಿದ. ಮೆಟ್ಟಿಲು ಬಂತು. ನೆಲಮಾಳಿಗೆಯ ತುಂಡುಗಳನ್ನು ಒಂದೊಂದಾಗಿ ಕೆಳಗಿಟ್ಟೆ.

ಸೌರಭನ ಕಣ್ಣು ಕೂಡಲೇ ಅಲ್ಲಿಗೇ ಹೋಯಿತು. "ಏ, ಯೇ ಛೋಟಾ ಕ್ಯೂಂ ಹೈ? ಪ್ರಿಂಟ್ ಗಲತ್ ಹೈ ನಾ?"

ಇದೇಕೆ ಚಿಕ್ಕದು, ಮುದ್ರಣ ತಪ್ಪಿದೆಯಲ್ಲವೇ ಎಂದು ಕೇಳಿದವನ ಮುಂದೆಯೇ ಕೊನೆಯ ತುಂಡನ್ನೂ ಇಟ್ಟೆ. ಕಥೆ ಮುಂದುವರಿಸಿದೆ. ಬಾಗಿಲು ತೆರೆದದ್ದೇ ಒಳಗಿನಿಂದ ಬಿಸಿ ಹಬೆ ನುಗ್ಗಿತು, ಮೂವರ ಮೂಗಿಗೂ ಹೊಕ್ಕಿತು. ನಿಮ್ಮ ಕತ್ತಿ ಭಾರವಾಗುತ್ತಿದೆ. ಚಾವಣಿ ಮೇಲೆ ಮೇಲೆ ಹೋಗುತ್ತಿದೆ. ಅಂಗಿಯ ತೋಳು ಕೈ ದಾಟಿ ಜೋತಾಡುತ್ತಿದೆ. ಇದು ಕುಗ್ಗಿಸುವ ನೆಲಮಾಳಿಗೆ, ಇಲ್ಲಿಗೆ ಬಂದವರು ಹಿಂತಿರುಗುವಾಗಲೂ ಇಷ್ಟೇ ಇರುತ್ತಾರೆ, ಮದ್ದು ಸಿಗದಿದ್ದರೆ.

ಹಾಗೆನ್ನುತ್ತಲೇ ಟೋಕನ್‌ಗಳನ್ನು ಎತ್ತಿ ಜೇಬಿಗೆ ಹಾಕಿಕೊಂಡು, ಮುಷ್ಟಿ ಬಿಚ್ಚಿ, ಪುಟ್ಟ ಚೌಕಗಳಲ್ಲಿ ಮೂರು ಕಾಳು ಇಟ್ಟೆ. ಹಳದಿ ತನ್ವಿಗೆ ಕಡಲೆಬೇಳೆ, ಹಸಿರು ಓಂಕಾರನಿಗೆ ಬಟಾಣಿ, ಕೆಂಪು ಸೌರಭನಿಗೆ ಒಂದು ರಾಜ್ಮಾ.

ಮೇಲಿನ ಪೈಪಿನಿಂದ ಹನಿ ಬೀಳುವುದು ಕೇಳಿಸುತ್ತಿತ್ತು. ಸೌರಭ ರಾಜ್ಮಾವನ್ನೇ ನೋಡುತ್ತಿದ್ದ. ನಾನು ಕುರ್ಚಿಯ ಕೈ ಬಿಗಿಹಿಡಿದು, ಈಗ ನಗುತ್ತಾನೆ, ಈಗ ನಗುತ್ತಾನೆ ಎಂದು ಕಾದೆ. ಬಳಿಕ ಅವನು ಮುಂದಕ್ಕೆ ಬಗ್ಗಿ, ದನಿ ತಗ್ಗಿಸಿ ಕೇಳಿದ: "ಮೇರೀ ತಲವಾರ್ ಭೀ ಛೋಟೀ ಹೋ ಗಯೀ ಕ್ಯಾ?"

ಅಷ್ಟು ಸಾಕಾಗಿತ್ತು! ಕತ್ತಿಯೂ ಕುಗ್ಗಿದೆ ಎಂದೆ. ಆಮೇಲೆ ಸೋಡಾ ಬಾಟಲಿಯ ಮುಚ್ಚಳವೊಂದನ್ನು ನಾಲ್ಕು ಚೌಕ ತುಂಬುವಂತೆ ಇಟ್ಟು, ಇದು ಇಲಿ ಎಂದೆ. ಬರೀ ಮಾಮೂಲಿ ಇಲಿ. ಓಂಕಾರ ಕಿಟಾರನೆ ಕಿರುಚಿದ. ಮಧ್ಯಾಹ್ನ ಊಟಕ್ಕೆ ಮೂರು ಮನೆಯ ಕಿಟಕಿಗಳಿಂದ ಕೂಗಿದರೂ ಯಾರೂ ಏಳಲಿಲ್ಲ. ಕಡೆಗೆ ರಾಜ್ಮಾನಿಗೆ ಇಲಿ ಕಚ್ಚಿತು, ಮದ್ದು ಹಚ್ಚಲು ಯಾರೂ ಇರಲಿಲ್ಲ. ಮದ್ದಿನವಳು ಕುರ್ಚಿಯ ಮೇಲಿದ್ದಳಲ್ಲ!

ಚಾಪೆ ಸುತ್ತುವಾಗ ಸೌರಭ ನನ್ನ ಮುಖ ನೋಡದೆ ಹೇಳಿದ, "ಪುಢಚ್ಯಾ ರವಿವಾರೀ ಪಣ ತೂಚ ಬಸ್." ಮುಂದಿನ ಭಾನುವಾರವೂ ನೀನೇ ಕೂರು. ನಾನು ಮನೆಗೆ ಹೋಗಲಿಲ್ಲ, ಓಡಿದೆ. ಹೋಟೆಲಿನವರೆಗೂ ಓಡಿದೆ. ವಾಸಣ್ಣನಿಗೆ ವಿಷಯ ಹೇಳಿದರೆ ಅವನು ಸೌಟು ಕೆಳಗಿಡದೆ, "ಮತ್ತೆ? ನಾನು ಹೇಳ್ಲಿಲ್ವಾ?" ಎಂದ.

ಈಗ ಆ ಕಟ್ಟಡವಿಲ್ಲ. ಕೆಡವಿ ಇಪ್ಪತ್ತೆರಡು ಮಹಡಿ ಎಬ್ಬಿಸುತ್ತಿದ್ದಾರೆ, ಕೆಂಪು ಕುರ್ಚಿ ಯಾವ ಗುಜರಿಯವನ ಪಾಲಾಯಿತೋ. ನಾನೀಗ ಕೋಪರಖೈರಣೆಯಲ್ಲಿದ್ದೇನೆ, ಶನಿವಾರಗಳಂದು ಗೆಳೆಯರೊಡನೆ ಈಗಲೂ ಆಡುತ್ತೇನೆ. ನಕ್ಷೆ ಟ್ಯಾಬ್ಲೆಟ್ಟಿನ ಪರದೆಯ ಮೇಲೆ ತಾನಾಗಿಯೇ ಬಿಡಿಸಿಕೊಳ್ಳುತ್ತದೆ, ಬಾಗಿಲಿಗೆ ಬಾಗಿಲು ಕೂದಲೆಳೆಯಷ್ಟೂ ತಪ್ಪದೆ ಕೂಡುತ್ತದೆ. ಮೊನ್ನೆ ಬೇಕೆಂದೇ ಹಳೆಯ ಫೈಲು ಹುಡುಕಿ, ಎರಡು ಪುಟ ಒಂದೇ ಹಾಳೆಯಲ್ಲಿ ಮುದ್ರಿಸಿ, ಎಲ್ಲರ ಮುಂದಿಟ್ಟೆ. "ಸೆಟ್ಟಿಂಗ್ ತಪ್ಪಾಗಿದೆ, ಇನ್ನೊಂದು ಪ್ರಿಂಟ್ ತೆಗಿ," ಎಂದು ಒಬ್ಬ ಪ್ರೀತಿಯಿಂದಲೇ ಹೇಳಿದ.

ತೆಗೆದೆ. ಸರಿಯಾಗಿಯೇ ಬಂತು. ಆದರೆ ನಾನು ‘ನೀವು ಕುಗ್ಗಿದಿರಿ’ ಎಂದ ಕೂಡಲೇ ಕುಗ್ಗಿ, ತನ್ನ ಕತ್ತಿ ಎಷ್ಟು ಉಳಿಯಿತೆಂದು ಕೇಳಿದ ಹದಿನೈದರ ಆ ಹುಡುಗನನ್ನು ಯಾವ ಪ್ರಿಂಟರಿನಿಂದಲೂ ತೆಗೆಯಲಾರೆ.