ಇಪ್ಪತ್ತೆಂಟು ಅಂಗುಲದ ಕಟ್ಟೆ

ನನ್ನ ತಂಗಿ ಅಂಬುಜಮ್ಮನ ಎತ್ತರ ನಾಲ್ಕು ಅಡಿ ಎಂಟು ಅಂಗುಲ. ಆಕೆ ಮೂವತ್ತು ವರ್ಷಗಳಿಗೂ ಮೀರಿ ಅಡುಗೆ ಮಾಡಿದ ಕಟ್ಟೆಯ ಎತ್ತರ ಮೂವತ್ತನಾಲ್ಕು ಅಂಗುಲ. ಈ ಎರಡು ಅಳತೆಗಳನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ ಆಕೆಯ ಕಥೆಯ ಅರ್ಧವನ್ನು ತಿಳಿದಂತೆಯೇ ಸರಿ. ಉಳಿದರ್ಧವನ್ನು ಬರೆದಿಡುವುದು ನನ್ನ ಕರ್ತವ್ಯ. ಏಕೆಂದರೆ ಅದರಲ್ಲಿ ನಡೆದ ಮುಖ್ಯ ತಪ್ಪು ನನ್ನದು.

ಆಕೆ ಹುಟ್ಟಿದ್ದು 1945ರ ನವೆಂಬರ್ 9, ಶುಕ್ರವಾರ. ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಶಿವರಾಮುವಿನೊಡನೆ ಮದುವೆಯಾದದ್ದು 1971ರ ಜೂನ್ 2, ಬುಧವಾರ. ಮರುವರ್ಷ ಆಗಸ್ಟ್ 16ರಂದು ಅವರ ಸಂಸಾರ ಚೆನ್ನೈಯ ವೆಸ್ಟ್ ಮಾಂಬಲಂನ ಹೊಸ ಮನೆಗೆ ಬಂದಿತು. ಅಡುಗೆಮನೆಯ ಕಡಪಾ ಕಲ್ಲಿನ ಕಟ್ಟೆಯನ್ನು ನಿಂತು ಕಟ್ಟಿಸಿದವರು ಆಕೆಯ ಅತ್ತೆ ಗೋದಾಬಾಯಿ. ಅವರು ಐದೂವರೆ ಅಡಿಯ ಆಜಾನುಬಾಹು. ಕಟ್ಟೆಯೂ ಅವರ ಅಳತೆಯದೇ ಆಯಿತು. ಸೊಸೆಗೆ ಪಾತ್ರೆಯ ಒಳಗೆ ಏನಿದೆಯೆಂಬುದೇ ಕಾಣದೆಂದು ಯಾರೋ ಹೇಳಿದಾಗ ಆ ತಾಯಿ, "ಕಟ್ಟೆ ಇಳಿಯಲ್ಲ, ಅವಳೇ ಬೆಳೀಲಿ" ಎಂದರಂತೆ.

ಅಂಬುಜಮ್ಮ ಬೆಳೆಯಲಿಲ್ಲ. ಹಲಸಿನ ಮರದ ಮಣೆಯೊಂದಕ್ಕೆ ಅಡಿಯಲ್ಲಿ ಕಾಲುಗಳನ್ನು ಹೊಡೆಸಿ ಆರು ಅಂಗುಲ ಎತ್ತರ ಮಾಡಿಸಿಕೊಂಡಳು. ಒಲೆಯಿಂದ ನೀರಿನ ಕೊಡದ ಬಳಿಗೆ ಇಳಿಯುವುದು, ಮತ್ತೆ ಮಣೆಯ ಮೇಲೆ ಏರುವುದು. ಹೀಗೆ ದಿನಕ್ಕೆ ನೂರು ಸಲ. ಹಾಗೆ ಏರಿ ಇಳಿದು ಆಕೆ ನಿತ್ಯದ ಅಡುಗೆಯ ಜೊತೆಗೆ ಪ್ರತಿವರ್ಷ ಶ್ರಾವಣದಲ್ಲಿ ರಾಯರ ಆರಾಧನೆಯ ದಿನ ನಲವತ್ತು ಎಲೆಗಳ ಅಡುಗೆಯನ್ನು ಮಡಿಯಲ್ಲಿ ಒಬ್ಬಳೇ ಮಾಡಿ ಬಡಿಸಿದ್ದಾಳೆ. 1972ರಿಂದ 2002ರ ತನಕ, ಒಟ್ಟು ಮೂವತ್ತೊಂದು ಆರಾಧನೆಗಳು. ಒಂದೂ ತಪ್ಪಿಲ್ಲ. ಹುಳಿಗೆ ಉಪ್ಪು ಹೆಚ್ಚಾಯಿತೆಂದು ಹೇಳಿದವರೂ ನನಗೆ ತಿಳಿದಂತೆ ಯಾರೂ ಇಲ್ಲ.

2003ರ ಫೆಬ್ರವರಿ 11, ಮಂಗಳವಾರ ಬೆಳಿಗ್ಗೆ ಸಾರಿನ ಪಾತ್ರೆಯನ್ನು ಹಿಡಿದು ಮಣೆಯಿಂದ ಇಳಿಯುವಾಗ ಆಕೆಯ ಕಾಲು ಜಾರಿತು. ಪುಣ್ಯಕ್ಕೆ ಸಾರು ಗೋಡೆಯ ಮೇಲೆ ಚೆಲ್ಲಿತು. ಮುರಿದದ್ದು ಎಡಗೈಯ ಮಣಿಕಟ್ಟು ಮಾತ್ರ. ಆರು ವಾರಗಳ ಬಳಿಕ ಕಟ್ಟು ಬಿಚ್ಚಿದ ವೈದ್ಯರು, ಇನ್ನು ಮುಂದೆ ಮಣೆ ಹತ್ತಿ ಅಡುಗೆ ಮಾಡಕೂಡದೆಂದು ಕಟ್ಟುನಿಟ್ಟಾಗಿ ಹೇಳಿದರು.

ಗೋಡೆಯ ಸುಣ್ಣ ಹೇಗೂ ಉದುರುತ್ತಿತ್ತು. ಅಡುಗೆಮನೆಯನ್ನೇ ಹೊಸದಾಗಿ ಕಟ್ಟಿಸೋಣವೆಂದು ಆಕೆಯ ಮಗ ಸುಜಯೀಂದ್ರ ನಿಶ್ಚಯಿಸಿದ. ನಾನು ರೈಲ್ವೆಯ ನಕ್ಷೆ ವಿಭಾಗದಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತನಾದವನು, ಅದೇ ಬೀದಿಯಲ್ಲಿ ಇರುವವನು; ನಕ್ಷೆ ಬರೆಯುವ ಕೆಲಸ ನನಗೆ ಬಂದಿತು. ಜೂನ್ 8ರ ಭಾನುವಾರ ಎಲ್ಲರೂ ಸೇರಿ ಅಳತೆಗೆ ನಿಂತೆವು. ಸುಜಯೀಂದ್ರನ ಹೆಂಡತಿ ಶ್ರೀಪ್ರಿಯಾ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಎತ್ತರದ ನಿಲುವು, ಚುರುಕು ಬುದ್ಧಿ.

"ಮಾಮ, ಕಪ್ಪು ಗ್ರಾನೈಟ್ ಹಾಕಿಸೋಣ. ಷೋರೂಮ್‌ನಲ್ಲಿ ನೋಡ್ದೆ, ಕನ್ನಡಿ ಥರ ಹೊಳೆಯತ್ತೆ" ಎಂದಳು.

"ಕನ್ನಡಿ ಬೀರುವಿನಲ್ಲಿದೆ ಕಣೇ" ಎಂದಳು ಅಂಬುಜಮ್ಮ. "ಕರೀ ಕಲ್ಲಿನ ಮೇಲೆ ಸಾಸಿವೆ ಚೆಲ್ಲಿದ್ರೆ ಹುಡುಕೋರು ಯಾರು, ನಿನ್ನ ಗಂಡನಾ?"

ಎಲ್ಲರೂ ನಕ್ಕರು. ಕಲ್ಲು ತಿಳಿ ಬೂದು ಬಣ್ಣದ್ದೆಂದು ತೀರ್ಮಾನವಾಯಿತು. ಗೋಡೆಗೆ ಕೆನೆಬಣ್ಣದ ಟೈಲ್ಸ್, ನಡುವೆ ಹಸಿರು ಬಳ್ಳಿಯ ಒಂದೇ ಒಂದು ಸಾಲು. ಅದು ಶ್ರೀಪ್ರಿಯಾಳ ಆಯ್ಕೆ, ಸೊಗಸಾದ ಆಯ್ಕೆ. ಆ ವರ್ಷ ಚೆನ್ನೈಯಲ್ಲಿ ನಲ್ಲಿಗಳು ಒಣಗಿ ಲಾರಿ ನೀರೇ ಗತಿಯಾಗಿದ್ದುದರಿಂದ ಕಟ್ಟೆಯ ಕೆಳಗೆ ಐದು ಕೊಡಗಳಿಗೆ ಬಾಗಿಲಿಲ್ಲದ ಗೂಡು ಬೇಕೆಂದು ಅಂಬುಜಮ್ಮ ಕೇಳಿದಳು. ಅದನ್ನೂ ಬರೆದುಕೊಂಡೆ. ಕೊನೆಗೆ ಆಕೆ ಮೆಲ್ಲನೆ ಕೇಳಿದಳು:

"ಅಣ್ಣಾ, ಕಟ್ಟೇನ ಸ್ವಲ್ಪ ಇಳಿಸಕ್ಕೆ ಆಗಲ್ವಾ?"

"ಅಂಬೂ, ಮೂವತ್ತನಾಲ್ಕು ಅಂಗುಲ ಅನ್ನೋದು ಸ್ಟ್ಯಾಂಡರ್ಡ್ ಅಳತೆ. ಇಳಿಸಿದ್ರೆ ಶ್ರೀಪ್ರಿಯಾ ಬೆನ್ನು ಹೋಗತ್ತೆ. ಅಳತೆ ಅಂದ್ರೆ ಅಳತೆ."

"ನೀನ್ಯಾಕಮ್ಮ ಯೋಚಿಸ್ತಿ?" ಎಂದ ಸುಜಯೀಂದ್ರ. "ಹೇಗೂ ಅಡುಗೆಯವರನ್ನ ಇಡ್ತೀವಿ. ಆರಾಧನೆಗೂ ಯಾರನ್ನಾದ್ರೂ ಕರೆಸೋಣ. ನೀನು ಹಾಯಾಗಿ ಉಯ್ಯಾಲೇಲಿ ಕೂತ್ಕೊ."

"ಉಯ್ಯಾಲೇಲಿ ಕೂತು ಏನ್ಮಾಡ್ಲೋ, ಹುಳಿಗೆ ಗಾಳಿ ಹಾಕ್ಲಾ?"

ಈ ಮಾತಿಗೂ ನಕ್ಕೆವು. ನಗಬಾರದಿತ್ತು. ಮಣೆ ಹತ್ತುವಂತಿಲ್ಲ, ಕಟ್ಟೆ ಇಳಿಯುವಂತಿಲ್ಲ ಎಂದ ಮೇಲೆ, ಮೂವತ್ತೆರಡನೆಯ ಆರಾಧನೆಯ ಅಡುಗೆ ಆಕೆಯ ಕೈ ತಪ್ಪಿತೆಂದೇ ಅರ್ಥ. ಅದು ಆ ಕ್ಷಣದಲ್ಲಿ ಆಕೆಗೊಬ್ಬಳಿಗೇ ಹೊಳೆದಿತ್ತು. ನಾನು ನಕ್ಷೆಯ ಮೂಲೆಯಲ್ಲಿ 'ಅನುಮೋದಿಸಿದವರು' ಎಂಬ ಚೌಕದೊಳಗೆ ನನ್ನ ಸಹಿಯನ್ನೇ ಹಾಕಿ, ತಾರೀಖು ನಮೂದಿಸಿ ಮಡಚಿಟ್ಟೆ.

ಆಷಾಢ ಹುಟ್ಟುವ ಮುನ್ನವೇ ಕೆಲಸ ಆರಂಭವಾಗಬೇಕೆಂದು ಜೂನ್ 23ರ ಸೋಮವಾರ ಹಳೆಯ ಕಟ್ಟೆಯನ್ನು ಒಡೆಸಿದೆವು. ತಿರುವೊಟ್ಟಿಯೂರಿನಿಂದ ಬರುತ್ತಿದ್ದ ಏಳುಮಲೈ ಎಂಬ ಮೇಸ್ತ್ರಿ ನಯವಾದ ಕೆಲಸಗಾರ. ಜುಲೈ 3ರ ಗುರುವಾರ ನಾನು ಚಿಕ್ಕಪ್ಪನ ಶ್ರಾದ್ಧಕ್ಕಾಗಿ ತಾಂಬರಂಗೆ ಹೋಗಬೇಕಾಯಿತು. ನಕ್ಷೆಯನ್ನು ಗೋಡೆಗೆ ಅಂಟಿಸಿಯೇ ಹೋದೆ. 5ರ ಶನಿವಾರ ಮಧ್ಯಾಹ್ನ ಎರಡೂಕಾಲಕ್ಕೆ ಹಿಂತಿರುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತವನು ನಿಂತೇ ಬಿಟ್ಟೆ.

ಒಂಬತ್ತು ಅಡಿ ಉದ್ದದ ಕಟ್ಟೆಯಲ್ಲಿ ಪಾತ್ರೆ ತೊಳೆಯುವ ತೊಟ್ಟಿಯ ಕಡೆಯ ನಾಲ್ಕು ಅಡಿ ನಕ್ಷೆಯಂತೆ ಇತ್ತು. ಒಲೆಯ ಕಡೆಯ ಐದು ಅಡಿ ತಗ್ಗಾಗಿತ್ತು. ಚಪ್ಪಡಿಯನ್ನೂ ಕೂರಿಸಿಯಾಗಿತ್ತು. ಟೇಪು ತೆಗೆದು ಅಳೆದೆ: ಇಪ್ಪತ್ತೆಂಟು ಅಂಗುಲ.

"ಎನ್ನ ಮೇಸ್ತ್ರಿ ಇದು?" ಎಂದು ಗದರಿದೆ.

ಏಳುಮಲೈ ಕರಣೆಯನ್ನು ಕೆಳಗಿಟ್ಟು, "ಅಮ್ಮಾದಾನ್ ಸಾರ್, ಇಂಗೆ ಕಟ್ಟೈ ವೇಣುಂನು ಸೊನ್ನಾಂಗ. ಎವ್ವಳವು ಕಟ್ಟೈನು ಕೇಟ್ಟೇನ್, ಕೈಯಾಲೇ ಕಾಟ್ಟಿನಾಂಗ" ಎಂದ.

ನನಗೆ ಆಗ ಅರ್ಥವಾಯಿತು. ನಮ್ಮ ಕನ್ನಡದಲ್ಲಿ ಕಟ್ಟೆಯೆಂದರೆ ಜಗಲಿಯಂಥದು. ತಮಿಳಿನಲ್ಲಿ ಅದಕ್ಕೆ ಮೇಡೈ ಎನ್ನಬೇಕು. ಅವರಲ್ಲಿ 'ಕಟ್ಟೈ' ಎಂದರೆ ಗಿಡ್ಡ. ಈಕೆ ಒಲೆಯ ಜಾಗವನ್ನು ತೋರಿಸಿ ಇಲ್ಲಿ ಕಟ್ಟೆ ಬೇಕೆಂದಿದ್ದಾಳೆ. ಅವನು ಇಲ್ಲಿ ಗಿಡ್ಡ ಮಾಡಬೇಕೆಂದು ತಿಳಿದು, ಎಷ್ಟು ಗಿಡ್ಡವೆಂದು ಕೇಳಿದ್ದಾನೆ. ಈಕೆ ಕೈಯಲ್ಲಿ ತೋರಿಸಿದ್ದಾಳೆ!

"ಅಂಬೂ! ಎಂಥಾ ಅವಾಂತರ ಮಾಡಿದೀಯ ನೋಡು. ತಮಿಳಿನವರ ಹತ್ರ ಮೇಡೈ ಅನ್ಬೇಕು. ಕಟ್ಟೆ ಅಂದ್ರೆ ಅವರಿಗೆ ಗಿಡ್ಡ ಅಂತ ಅರ್ಥ. ಒಡೆಸಬೇಕು ಇದನ್ನ!"

ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬರಿಯ ನೆಲದ ಮೇಲೆ ತಗ್ಗಿನ ಕಟ್ಟೆಯ ಮುಂದೆ ಹೋಗಿ ನಿಂತಳು. ಖಾಲಿ ಪಾತ್ರೆಯೊಂದನ್ನು ಅದರ ಮೇಲಿಟ್ಟು ಸೌಟನ್ನು ಆಡಿಸಿದಳು. ಭುಜ ಮೇಲೇಳಲಿಲ್ಲ. ಮೊಣಕೈ ಪಕ್ಕೆಯನ್ನು ಬಿಡಲಿಲ್ಲ. ಪಾತ್ರೆಯ ತಳ ಆಕೆಗೆ ಮೇಲಿನಿಂದಲೇ ಕಾಣುತ್ತಿತ್ತು. ಮೂವತ್ತನಾಲ್ಕರಿಂದ ಮಣೆಯ ಆರು ಅಂಗುಲ ಕಳೆದರೆ ಇಪ್ಪತ್ತೆಂಟು. ಮೂರನೆಯ ತರಗತಿಯ ಲೆಕ್ಕ. ನಕ್ಷೆ ಬರೆಯುವಾಗ ನನಗೆ ಹೊಳೆದಿರಲಿಲ್ಲ.

"ನಂಗೆ ನೀನು ತಮಿಳು ಹೇಳ್ಕೊಡ್ತೀಯಾ ಅಣ್ಣಾ?" ಎಂದಳು, ಸೌಟನ್ನು ಕೆಳಗಿಡದೆ. "ಮಾಂಬಲಂ ಸ್ಟೇಷನ್ ಬೀದೀಲಿ ಮೂವತ್ತು ವರ್ಷ ಬದನೇಕಾಯಿಗೆ ಜಗಳ ಆಡಿದೋಳು ನಾನು."

"ಹಾಗಾದ್ರೆ ಗೊತ್ತಿದ್ದೇ ಹೇಳಿದ್ಯಾ?"

"ನಾನು ಕಟ್ಟೆ ಅಂದೆ. ಅವನಿಗೆ ಏನ್ ಕೇಳಿಸ್ತೋ ರಾಯರೇ ಬಲ್ಲರು."

ಏಳುಮಲೈ ಗೋಡೆಯ ಕಡೆಗೆ ತಿರುಗಿ ನಕ್ಕ. ಅಷ್ಟರಲ್ಲಿ ಶನಿವಾರದ ಅರ್ಧ ದಿನದ ಕೆಲಸ ಮುಗಿಸಿ ಬಂದ ಶ್ರೀಪ್ರಿಯಾ ಒಳಗೆ ಕಾಲಿಟ್ಟಳು. ಅಂಬುಜಮ್ಮನ ಮುಖ ಮೊದಲ ಸಲ ಸ್ವಲ್ಪ ಬಾಡಿತು.

"ಆ ಕಡೆ ನಾಲ್ಕು ಅಡಿ ನಿನ್ನ ಎತ್ತರಕ್ಕೇ ಬಿಡಿಸಿದೀನಿ ಕಣೇ" ಎಂದಳು. "ತೊಟ್ಟಿ, ಮಿಕ್ಸಿ, ಹೆಚ್ಚೋದು ಎಲ್ಲಾ ಅಲ್ಲೇ. ನಂಗೆ ಒಬ್ರು ಮಣೆ ಹತ್ತಿಸಿದ್ರು ಅಂತ ನಾನು ನಿನ್ನ ಬೆನ್ನು ಬಗ್ಗಿಸ್ತೀನಾ?"

ಶ್ರೀಪ್ರಿಯಾ ಕೈಚೀಲವನ್ನೂ ಇಳಿಸದೆ ಎರಡೂ ಮಟ್ಟಗಳನ್ನು ದಿಟ್ಟಿಸಿದಳು. ಆಮೇಲೆ ಅವಳು ಆಡಿದ ಮಾತು ನನ್ನ ತಂಗಿಗೆ ಸರಿಸಮನಾದ ಸೊಸೆಯ ಮಾತು.

"ಎಲ್ಲಾ ಸರಿ ಅತ್ತೆ. ಆದ್ರೆ ತೊಟ್ಟಿ ಮೇಲೆ, ನಿಮ್ಮ ಮಡಿ ಒಲೆ ಕೆಳಗೆ. ಮುಸುರೆ ನೀರು ಹರಿದು ನಿಮ್ಮ ಕಡೆಗೇ ಬರಲ್ವಾ?"

ಅನ್ನ ಬೆಂದ ಪಾತ್ರೆ ತೊಳೆದ ನೀರು ಮಡಿಯ ಒಲೆಯ ಬಳಿಗೆ ಹರಿದುಬರುವುದೆಂದರೆ ನಮ್ಮವರಲ್ಲಿ ಆಗದ ಮಾತು. ಅದು ನನಗೂ ಹೊಳೆದಿರಲಿಲ್ಲ, ಅಂಬುಜಮ್ಮನಿಗೂ ಹೊಳೆದಿರಲಿಲ್ಲ. ಆಕೆ ಸೌಟನ್ನು ಕೆಳಗಿಟ್ಟಳು. ಮೂವರೂ ಏಳುಮಲೈಯ ಮುಖವನ್ನು ನೋಡಿದೆವು. ಅವನು ಒಂದು ನಿಮಿಷ ಯೋಚಿಸಿ, ಮೇಲಿನ ಕಲ್ಲಿನ ಅಂಚಿಗೆ ಒಂದು ಅಂಗುಲದ ತಡೆಪಟ್ಟಿ ಕೂರಿಸಿ, ನೀರು ಹರಿಯುವ ಇಳಿಜಾರನ್ನು ತೊಟ್ಟಿಯ ಕಡೆಗೆ ತಿರುಗಿಸಿಕೊಡುವುದಾಗಿ ಹೇಳಿದ. ಸೋಮವಾರ, ಜುಲೈ 7ರಂದು ಕೊಟ್ಟ ಮಾತಿನಂತೆ ಮಾಡಿದ. ಶ್ರೀಪ್ರಿಯಾ ಒಂದು ಚೊಂಬು ನೀರನ್ನು ಮೇಲೆ ಸುರಿದು ಪರೀಕ್ಷಿಸಿದಳು. ಒಂದು ಹನಿಯೂ ಕೆಳಗೆ ಬರಲಿಲ್ಲ.

ಮೇಲೆ ಮುಸುರೆ, ಕೆಳಗೆ ಮಡಿ. ನಡುವೆ ಆರು ಅಂಗುಲದ ಮೆಟ್ಟಿಲು. ಎರಡಕ್ಕೂ ಇಷ್ಟು ಖಚಿತವಾದ ಗಡಿ ನಮ್ಮ ಬಂಧುಗಳ ಯಾವ ಮನೆಯಲ್ಲಿಯೂ ಇಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ. ಹಸಿರು ಬಳ್ಳಿಯ ಸಾಲು ಎರಡು ಮಟ್ಟಗಳ ಮೇಲೂ ಒಂದೇ ಗೆರೆಯಲ್ಲಿ ಓಡಿ ಕೋಣೆಯನ್ನು ಒಂದುಗೂಡಿಸಿತು. ಆದರೂ ಸುಜಯೀಂದ್ರನ ಅನುಮಾನ ಹೋಗಿರಲಿಲ್ಲ. "ದಿನದ ಅಡುಗೆ ಸರಿ. ನಲವತ್ತು ಎಲೆ ಅಂದ್ರೆ ಆ ಕೈಯಲ್ಲಿ ಆಗತ್ತಾ ಮಾಮ?" ಎಂದು ನನ್ನನ್ನು ಕೇಳಿದ. ಅಡುಗೆಯವರೊಬ್ಬರಿಗೆ ಹೇಳಿಯೂ ಇಟ್ಟಿದ್ದ.

2003ರ ಆಗಸ್ಟ್ 14. ಆ ವರ್ಷ ಮಧ್ಯಾರಾಧನೆ ಗುರುವಾರದಂದೇ ಕೂಡಿಬಂದಿತ್ತು. ಬೆಳಿಗ್ಗೆ ಆರು ಗಂಟೆಗೆ ಆ ಅಡುಗೆಯವರು ಬಂದರು. ಅಂಬುಜಮ್ಮ ಮಡಿಯುಟ್ಟು ಅದಾಗಲೇ ಒಲೆಯ ಮುಂದಿದ್ದಳು.

"ಬನ್ನಿ ಸ್ವಾಮಿ, ಕೂತ್ಕೊಳಿ" ಎಂದಳು. "ಉಯ್ಯಾಲೆ ಖಾಲಿ ಇದೆ."

ಅವರು ಹನ್ನೆರಡರ ತನಕ ಉಯ್ಯಾಲೆಯಲ್ಲಿ ಕುಳಿತಿದ್ದು, ಮೊದಲ ಪಂಕ್ತಿಯಲ್ಲಿ ಊಟ ಮಾಡಿದರು. ಮೇಲಿನ ಕಟ್ಟೆಯಲ್ಲಿ ತಾನೂ ಮಡಿಯುಟ್ಟು ತರಕಾರಿ ಹೆಚ್ಚಿಕೊಟ್ಟವಳು ರಜೆ ಹಾಕಿದ್ದ ಶ್ರೀಪ್ರಿಯಾ. ಭಾರದ ಪಾತ್ರೆಗಳನ್ನು ಇಳಿಸಿದವನು ಪಂಚೆಯುಟ್ಟ ಸುಜಯೀಂದ್ರ. ಉಳಿದುದೆಲ್ಲ, ಹುಳಿ, ಸಾರು, ಎರಡು ಪಲ್ಯ, ಚಿತ್ರಾನ್ನ, ಹಯಗ್ರೀವ, ಆ ನಾಲ್ಕು ಅಡಿ ಎಂಟು ಅಂಗುಲದ ಹೆಂಗಸಿನ ಕೈಯದು. ಎಲೆಗಳು ನಲವತ್ತಮೂರು. ನಾನೇ ಎಣಿಸಿದೆ.

ಸಂಜೆ ಐದು ಗಂಟೆಗೆ, ಜನವೆಲ್ಲ ಹೋದ ಮೇಲೆ, ನಾನು ಗೋಡೆಯ ಮೇಲಿನ ನಕ್ಷೆಯನ್ನು ಬಿಚ್ಚಿ ತಂದೆ. ಒಲೆಯ ಕಡೆಯ ಮೂವತ್ತನಾಲ್ಕನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಇಪ್ಪತ್ತೆಂಟೆಂದು ಬರೆದೆ. ನಮ್ಮ ನಕ್ಷೆ ವಿಭಾಗದಲ್ಲಿ ಒಂದು ನಿಯಮವಿತ್ತು: ತಿದ್ದುಪಡಿಗೆ ಅದನ್ನು ಮಾಡಿದವರ ಸಹಿ ಇರಬೇಕು, ಇಲ್ಲವಾದರೆ ಅದು ಸಿಂಧುವಲ್ಲ. 'ಅನುಮೋದಿಸಿದವರು' ಎಂಬ ಚೌಕದಲ್ಲಿದ್ದ ನನ್ನ ಸಹಿಗೂ ಗೆರೆ ಎಳೆದು ಕಾಗದವನ್ನು ತಂಗಿಯ ಮುಂದೆ ಹಿಡಿದೆ.

"ಇಲ್ಲಿ ರುಜು ಹಾಕು."

"ನಾನಾ? ನನ್ನ ಕೈಯೆಲ್ಲ ಅರಿಶಿನ ಅಣ್ಣಾ."

"ಇರಲಿ, ಹಾಕು. ತಾರೀಖು ಮರೀಬೇಡ."

ಆಕೆ ತಗ್ಗಿನ ಕಟ್ಟೆಯ ಮೇಲೆ ಕಾಗದವನ್ನು ಹರಡಿ, ಬಗ್ಗದೆ, ಕಾಲ್ಬೆರಳ ಮೇಲೆ ನಿಲ್ಲದೆ, ಗುಂಡು ಅಕ್ಷರಗಳಲ್ಲಿ ಬರೆದಳು: ಅಂಬುಜಮ್ಮ ಶಿವರಾಮು, 14-8-2003. ಅದರ ಪಕ್ಕದಲ್ಲಿ ಹೆಬ್ಬೆರಳಿನ ಅರಿಶಿನದ ಗುರುತೊಂದು ಇನ್ನೂ ಅಳಿಯದೆ ಉಳಿದಿದೆ.